ಕನ್ನಡಿಯ ಮೇಲಿನ ಕಂಬಳಿ

ಒಂದು ರಾಜ್ಯದಲ್ಲಿ ಬೊಮ್ಮರಸ ಅಂತ ಒಬ್ಬ ರಾಜ ಇದ್ದ. ಅವನಿಗೆ ಎಲ್ಲರ ಮೇಲೂ ಅನುಮಾನ. ಹಾಲು ತಂದುಕೊಟ್ಟರೆ ಮೊದಲು ಬೆಕ್ಕಿಗೆ ಕುಡಿಸುತ್ತಿದ್ದ. ಬೆಕ್ಕು ಕುಡಿದು ಸುಖವಾಗಿ ಮಲಗಿದರೆ, ಈ ಬೆಕ್ಕನ್ನು ಅರಮನೆಗೆ ತಂದವರು ಯಾರು ಅಂತ ವಿಚಾರಿಸುತ್ತಿದ್ದ. ಅಷ್ಟು ಹೊತ್ತಿಗೆ ಹಾಲು ಆರಿ ತಣ್ಣಗಾಗಿರುತ್ತಿತ್ತು.

ಪಕ್ಕದ ರಾಜ್ಯಕ್ಕೆ ದುಗ್ಗರಸ ರಾಜ. ಎರಡು ರಾಜ್ಯಗಳ ನಡುವೆ ಬಿಳಿಕಲ್ಲು ಗುಡ್ಡ. ಗುಡ್ಡಕ್ಕೆ ಮೂರು ಮಗ್ಗುಲು, ಮೂರರಲ್ಲೂ ಮೊಣಕಾಲೆತ್ತರದ ಹುಲ್ಲು. ಆ ಹುಲ್ಲಿಗಾಗಿ ಹಿಂದೆ ಎಷ್ಟೋ ತಲೆ ಉರುಳಿದ್ದವು. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು, ಇನ್ನು ಮೇಲೆ ಕತ್ತಿ ಬೇಡ, ವರ್ಷಕ್ಕೊಂದು ಸಲ ವಿಡಿಯೋ ಗೇಮ್ ಆಡಿ, ಗೆದ್ದವರಿಗೆ ಒಂದು ಮಗ್ಗುಲು ಅಂತ ತೀರ್ಮಾನ ಮಾಡಿದರು. ಆ ಕಾಲದಲ್ಲಿ ವಿಡಿಯೋ ಗೇಮ್ ಎಲ್ಲಿತ್ತು ಅಂತ ಕೇಳಬೇಡಿ. ಬೆಕ್ಕು ಹಾಲು ಪರೀಕ್ಷೆ ಮಾಡಿದ್ದನ್ನು ನಂಬಿದಿರಲ್ಲ, ಇದನ್ನೂ ನಂಬಿ.

ಆಟದ ಹೆಸರು ಗಡಿಯಾಟ. ಆ ಕಡೆ ನಾಲ್ಕು ಜನ, ಈ ಕಡೆ ನಾಲ್ಕು ಜನ. ಎದುರುಬದುರು ಕೂರಬೇಕು. ನಡುವೆ ಆಳೆತ್ತರದ ಪರದೆ. ಒಂದೊಂದು ತಂಡಕ್ಕೆ ಒಂದೊಂದು ದೊಡ್ಡ ಟಿವಿ. ಬೊಮ್ಮರಸನ ಸೈನಿಕರು ನಡೆದ ನೆಲ ಕೆಂಪಾಗುತ್ತದೆ, ದುಗ್ಗರಸನವರು ನಡೆದ ನೆಲ ಹಸಿರಾಗುತ್ತದೆ. ಸುತ್ತುವರಿದು ಮುಚ್ಚಿಬಿಟ್ಟರೆ ಒಳಗಿರುವ ನೆಲ, ಸೈನ್ಯ ಎಲ್ಲ ನಿಮ್ಮದೇ. ಎದುರಾಳಿಯ ಬಾವುಟ ಕಿತ್ತರೂ ಗೆದ್ದ ಹಾಗೆ. ಆದರೆ ಅದು ಎಲ್ಲಿದೆ ಅಂತ ಕಾಣುವುದಿಲ್ಲ, ಅವರ ನೆಲದ ಮೇಲೆಲ್ಲ ಮಂಜು ಮುಸುಕಿರುತ್ತದೆ.

ಮೊದಲ ವರ್ಷ ದುಗ್ಗರಸ ಬಹಳ ವಿನಯ ತೋರಿಸಿದ. ನೀವು ಹಿರಿಯರು, ನಾನೇ ನಿಮ್ಮಲ್ಲಿಗೆ ಬರುತ್ತೇನೆ ಅಂದ. ಬರುವಾಗ ಒಂದು ದೊಡ್ಡ ನಿಲುವುಗನ್ನಡಿ ತಂದ. ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಅತಿಥಿಯಾಗಿ ಬಂದ ರಾಜನಿಗೆ ಎತ್ತರದ ಆಸನ ಹಾಕಬೇಕು, ಅವನು ತಂದ ಉಡುಗೊರೆಯನ್ನು ಅವನ ಕಣ್ಣೆದುರಿನ ಗೋಡೆಗೇ ತೂಗುಹಾಕಬೇಕು. ಹಾಗಾಗಿ ಕನ್ನಡಿ ಬೊಮ್ಮರಸನ ತಂಡದ ಬೆನ್ನ ಹಿಂದಿನ ಗೋಡೆಗೆ ಬಂತು. ನಮ್ಮ ರಾಜ ಸುಮ್ಮನೆ ಬಿಡುತ್ತಾನೆಯೇ? ಚೌಕಟ್ಟಿಗೆ ವಿಷ ಹಚ್ಚಿದ್ದಾರೇನೋ ಅಂತ ಕೆರೆಸಿದ. ಹಿಂದೆ ಯಾರಾದರೂ ಅಡಗಿದ್ದಾರೇನೋ ಅಂತ ಬಗ್ಗಿ ನೋಡಿದ. ಆಮೇಲೆ ಅದರಲ್ಲಿ ತನ್ನ ಮೀಸೆ ಕಂಡಿತು. ಅಲ್ಲಿಗೆ ಅನುಮಾನ ಕರಗಿತು. ದಿನಕ್ಕೆರಡು ಸಲ ಅದರ ಮುಂದೆ ನಿಂತು ಮೀಸೆ ತಿರುವುವುದು ಅವನ ಅಭ್ಯಾಸವಾಯಿತು.

ಆ ವರ್ಷ ಬೊಮ್ಮರಸನವರು ಬಾವುಟವನ್ನು ಬಿದಿರು ಮೆಳೆಯಲ್ಲಿ ಬಚ್ಚಿಟ್ಟರು. ಹಸಿರು ಸೈನ್ಯ ಅತ್ತ ಇತ್ತ ನೋಡದೆ ನೆಟ್ಟಗೆ ಮೆಳೆಗೇ ಬಂತು. ಗುಡ್ಡದ ಮೂಡಣ ಮಗ್ಗುಲು ಹೋಯಿತು. ಗುಟ್ಟು ಬಿಟ್ಟುಕೊಟ್ಟವರು ಯಾರು? ಬಾಗಿಲು ಕಾಯುವ ಹೊಂಬಯ್ಯ ದುಗ್ಗರಸನ ಕುದುರೆಗಳಿಗೆ ನೀರು ಕುಡಿಸಿದ್ದ. ಬೊಮ್ಮರಸ ಅವನನ್ನು ಗಡೀಪಾರು ಮಾಡಿದ.

ಎರಡನೆಯ ವರ್ಷವೂ ದುಗ್ಗರಸನೇ ಬಂದ. ಬಾವುಟವನ್ನು ನೀರು ಧುಮ್ಮಿಕ್ಕುವ ಅಬ್ಬಿಯ ಹಿಂದೆ ಬಚ್ಚಿಟ್ಟರು. ಹಸಿರು ಸೈನ್ಯ ನೆಟ್ಟಗೆ ಅಬ್ಬಿಗೇ ಬಂತು. ತೆಂಕಣ ಮಗ್ಗುಲು ಹೋಯಿತು. ಅಡುಗೆಯ ಚೆಲುವಯ್ಯ ಅತಿಥಿಗಳಿಗೆ ಒಂದು ಸೌಟು ಪಾಯಸ ಹೆಚ್ಚಿಗೆ ಬಡಿಸಿದ್ದ. ಅವನನ್ನೂ ಗಡೀಪಾರು ಮಾಡಿದ.

ಮೂರನೆಯ ವರ್ಷಕ್ಕೆ ಪಡುವಣ ಮಗ್ಗುಲೊಂದೇ ಉಳಿದಿತ್ತು. ತಂಡದ ಮುಂದಾಳು ಮಾಳವ್ವ ಅನ್ನೋ ಕುರಿಗಾರ ಹೆಂಗಸು. ಚದುರಿದ ಕುರಿಗಳನ್ನು ಸುತ್ತುವರಿದು ರೊಪ್ಪಕ್ಕೆ ಕೂಡುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಗಡಿಯಾಟಕ್ಕೆ ಬೇಕಾದದ್ದೂ ಅದೇ. ಅವಳ ಎಂಬತ್ತು ಕುರಿ ಮೇಯುತ್ತಿದ್ದದ್ದೂ ಆ ಪಡುವಣ ಮಗ್ಗುಲಲ್ಲೇ. ಆದರೆ ಅವಳ ಅಕ್ಕನನ್ನು ದುಗ್ಗರಸನ ರಾಜ್ಯಕ್ಕೆ ಮದುವೆ ಮಾಡಿಕೊಟ್ಟಿದ್ದರು. ರಾಜನಿಗೆ ಅಷ್ಟು ಸಾಕಾಯಿತು. ಅವಳನ್ನು ಕರೆಸಿ ಹೇಳಿದ:

"ಈ ಸಲವೂ ಗುಟ್ಟು ಹೊರಗೆ ಹೋದರೆ, ನೀನೂ ನಿನ್ನ ಕುರಿಗಳೂ ಹೊತ್ತು ಮುಳುಗೋದರೊಳಗೆ ಗಡಿ ದಾಟಬೇಕು."

"ಹಂಗಾದ್ರೆ ದೊರೆ, ಬಾವುಟ ಎಲ್ಲಿಡ್ತೀನಿ ಅಂತ ಈ ಸಲ ಆಟಕ್ಕೆ ಮುಂಚೆ ಯಾರಿಗೂ ಹೇಳಲ್ಲ. ನನ್ನ ಜತೆಯವರಿಗೂ ಹೇಳಲ್ಲ, ನಿಮಗೂ ಹೇಳಲ್ಲ."

"ನನ್ನ ಮೇಲೇ ಅನುಮಾನವೇನೇ?"

"ಹೂಂ ದೊರೆ. ನಿಮ್ಮನ್ನ ನೋಡೇ ಕಲಿತಿದ್ದು."

ರಾಜನಿಗೆ ಸಿಟ್ಟು ಬಂತು, ಆದರೆ ಮಾತು ಸರಿಯಾಗಿಯೇ ಇತ್ತು.

ಆಟದ ದಿನ ರಾಜ ಪಕ್ಕದಲ್ಲೇ ನಿಂತು ಮಾಳವ್ವನ ತುಟಿಯ ಮೇಲೆ ಕಣ್ಣಿಟ್ಟ. ಅವಳು ಬಾವುಟವನ್ನು ಹುತ್ತದ ಹಿಂದೆ ಇಟ್ಟಳು. ಹಸಿರು ಸೈನ್ಯ ನೆಟ್ಟಗೆ ಹುತ್ತಕ್ಕೆ ಬಂತು. ಕೂದಲೆಳೆಯಲ್ಲಿ ತಪ್ಪಿಸಿ, ಬಾವುಟ ಎತ್ತಿಕೊಂಡು ಓಡಿದಳು. ಹಾಳು ಬಾವಿಯಲ್ಲಿ ಇಟ್ಟಳು. ಹಸಿರು ಸೈನ್ಯ ನೆಟ್ಟಗೆ ಬಾವಿಗೆ ಬಂತು. ಮತ್ತೆ ಎತ್ತಿಕೊಂಡು ಓಡಿದಳು. ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು. ಮಾಳವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಾಯಿ ಬಿಟ್ಟಿಲ್ಲ, ಆದರೂ ಗುಟ್ಟು ಹೋಗುತ್ತಿದೆ. ಹಾಗಾದರೆ ಇದು ಯಾರದೋ ಬಾಯಿಂದ ಹೋದದ್ದಲ್ಲ, ಯಾರದೋ ಕಣ್ಣಿಗೆ ಬಿದ್ದದ್ದು.

ಅವಳು ತಲೆ ಎತ್ತಿ ನೋಡಿದಳು. ಪರದೆಯ ಮೇಲ್ಗಡೆ, ಎತ್ತರದ ಆಸನದಲ್ಲಿ ದುಗ್ಗರಸನ ಮುಖ. ಅವನು ತನ್ನ ಟಿವಿ ನೋಡುತ್ತಿರಲಿಲ್ಲ, ತನ್ನ ಆಟಗಾರರನ್ನೂ ನೋಡುತ್ತಿರಲಿಲ್ಲ. ಮಾಳವ್ವನ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಅವಳು ಕತ್ತು ತುರಿಸಿಕೊಳ್ಳುವವಳ ಹಾಗೆ ಹಿಂದೆ ತಿರುಗಿದಳು. ಗೋಡೆಯಲ್ಲಿ ಕನ್ನಡಿ, ಕನ್ನಡಿಯಲ್ಲಿ ಅವಳದೇ ಟಿವಿ, ಟಿವಿಯಲ್ಲಿ ಅವಳ ಬಾವುಟ.

ಹೊಂಬಯ್ಯ ನೆನಪಾದ, ಚೆಲುವಯ್ಯ ನೆನಪಾದ. ಆದರೆ ಈಗ ಹೇಳಿದರೆ ನಂಬುವ ರಾಜನೇ ಬೊಮ್ಮರಸ?

ಅವಳು ಬಾವುಟವನ್ನು ಒಂದು ಉದ್ದನೆಯ, ಇಕ್ಕಟ್ಟಾದ ಕಣಿವೆಯ ಆ ತುದಿಯಲ್ಲಿ ನೆಟ್ಟಳು, ಚೆನ್ನಾಗಿ ಕಾಣುವ ಹಾಗೆ. ಆ ಕಡೆ ದುಗ್ಗರಸ ಬಗ್ಗಿ ಏನೋ ಪಿಸುಗುಟ್ಟಿದ. ಹಸಿರು ಸೈನ್ಯವೆಲ್ಲ ಒಬ್ಬರೂ ಉಳಿಯದೆ ಕಣಿವೆಗೆ ನುಗ್ಗಿತು. ಆಗ ಮಾಳವ್ವ, ಏನು ಸೆಕೆಯಪ್ಪ ಅನ್ನುತ್ತ ಎದ್ದಳು. ಹೆಗಲ ಮೇಲಿನ ಕರಿ ಕಂಬಳಿ ತೆಗೆದಳು. ಕಾಡಿನಲ್ಲಿ ಮರದ ಕೊಂಬೆಗೆ ಹಾಕುವ ಹಾಗೆ ಕನ್ನಡಿಯ ಮೇಲೆ ಹಾಕಿ, ಬಂದು ಕೂತಳು. ಜತೆಯವರಿಗೆ ಒಂದೇ ಮಾತು ಹೇಳಿದಳು, ಕುರಿ ಕೂಡೋಣ ಅಂತ. ಆಟದೊಳಗೆ ಒಬ್ಬ ಎಡದಿಂದ ಹೊರಟ, ಒಬ್ಬ ಬಲದಿಂದ ಹೊರಟ, ಒಬ್ಬ ಹಿಂದಿನಿಂದ ಹೊರಟ. ಅವಳು ಕಣಿವೆಯ ಬಾಯಿಗೆ ನಡೆದಳು.

ದುಗ್ಗರಸ ಮೊದಲು ಕೆಮ್ಮಿದ. ಆಮೇಲೆ ಕತ್ತು ಉದ್ದ ಮಾಡಿದ. ಆಮೇಲೆ ತಡೆಯಲಾರದೆ ಎದ್ದು ನಿಂತ.

"ಆ ಕಂಬಳಿ ತೆಗೆಸಿ."

"ಯಾಕೆ ಮಹಾರಾಜರೇ?" ಅಂದಳು ಮಾಳವ್ವ, ಟಿವಿಯಿಂದ ಕಣ್ಣು ತೆಗೆಯದೆ. "ಕನ್ನಡಿ ಮುಚ್ಚಿದ್ರೆ ನಿಮ್ಮ ಆಟಕ್ಕೇನು ಅಡ್ಡಿ?"

"ಏನೂ ಕಾಣಿಸ್ತಿಲ್ಲ!"

ಸಭೆಯೆಲ್ಲ ಕನ್ನಡಿಯ ಕಡೆ ತಿರುಗಿತು. ಅದೇ ಹೊತ್ತಿಗೆ ಟಿವಿಯಲ್ಲಿ ಕೆಂಪು ನೆಲ ಬೇಲಿಯ ಹಾಗೆ ಸುತ್ತ ಕೂಡಿಕೊಂಡಿತು, ಕಣಿವೆಯೊಳಗಿನ ಹಸಿರೆಲ್ಲ ಒಂದೇ ಸಲ ಕೆಂಪಾಯಿತು. ಎರಡೂ ಕಡೆಯವರು ಒಪ್ಪಿ ಆಟಕ್ಕೆ ಪಂಚನಾಗಿ ಕೂರಿಸಿದ್ದ ಮುದುಕ ಈರಜ್ಜ ನಿಧಾನವಾಗಿ ಎದ್ದ. ಕಂಬಳಿ ತೆಗೆಸಿದ, ದುಗ್ಗರಸನನ್ನು ಕೆಳಗಿಳಿಸಿ ಎತ್ತರದ ಆಸನದಲ್ಲಿ ತಾನು ಕೂತು ನೋಡಿದ. ನೋಡಿದ ಮೇಲೆ ಹೆಚ್ಚು ಮಾತಾಡಲಿಲ್ಲ. ಗುಡ್ಡದ ಮೂರೂ ಮಗ್ಗುಲು ಬೊಮ್ಮರಸನಿಗೆ ಅಂದ. ದುಗ್ಗರಸ ತನ್ನ ಕನ್ನಡಿಯನ್ನು ತಾನೇ ಹೊತ್ತುಕೊಂಡು ಊರಿಗೆ ಹೋಗಲಿ ಅಂದ.

ಕನ್ನಡಿ ಬಾಗಿಲು ದಾಟುವಾಗ ಬೊಮ್ಮರಸನಿಗೆ ಅದರಲ್ಲಿ ತನ್ನ ಮುಖ ಕಂಡಿತು. ಅವತ್ತು ಮೀಸೆಗೆ ಕೈ ಹೋಗಲಿಲ್ಲ. "ನೀರು ಕೊಟ್ಟವನನ್ನ ಅನುಮಾನಿಸಿದೆ, ಅನ್ನ ಬಡಿಸಿದವನನ್ನ ಅನುಮಾನಿಸಿದೆ," ಅಂದ. "ನನ್ನನ್ನ ಚೆನ್ನಾಗಿ ತೋರಿಸುತ್ತೆ ಅಂತ ಇದೊಂದನ್ನ ಬಿಟ್ಟುಬಿಟ್ಟೆ. ತಪ್ಪಾಯ್ತು ಮಾಳವ್ವ." ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು. ಗಡಿಯವರೆಗೆ ನಡೆದುಕೊಂಡೇ ಹೋಗಿ ಹೊಂಬಯ್ಯ, ಚೆಲುವಯ್ಯ ಇಬ್ಬರನ್ನೂ ಕೈಹಿಡಿದು ಕರೆದುಕೊಂಡು ಬಂದ.

ಮಾರನೆಯ ದಿನ ಚೆಲುವಯ್ಯ ಹಾಲು ತಂದ. ಬೆಕ್ಕು ಆಗಲೇ ಬಂದು ಕೂತಿತ್ತು. ರಾಜ ಅದರ ಕಡೆ ನೋಡದೆ ಬಿಸಿ ಹಾಲನ್ನು ತಾನೇ ಕುಡಿದ. ಅವತ್ತಿನಿಂದ ಅರಮನೆಯಲ್ಲಿ ಅನುಮಾನ ಉಳಿದದ್ದು, ತನ್ನ ಪಾಲಿನ ಹಾಲು ಏನಾಯಿತು ಅಂತ ಕಾಯುವ ಆ ಬೆಕ್ಕೊಂದಕ್ಕೇ.

ಇಷ್ಟು ಕೇಳಿದಿರಲ್ಲ, ನೀತಿಯನ್ನೂ ಕೇಳಿಕೊಂಡು ಏಳಿ. ಕದ್ದು ನೋಡಿ ಗೆಲ್ಲುವವನು ಕಣ್ಣಿಗೆ ಮರೆ ಬಿದ್ದ ದಿನ ಸೋಲುತ್ತಾನೆ. ಅನುಮಾನ ಬಂದರೆ ಮಾಳವ್ವನ ಹಾಗೆ ಪರೀಕ್ಷೆ ಮಾಡಿ ನೋಡಬೇಕು. ಕೈಗೆ ಸಿಕ್ಕ ನಮ್ಮವರ ಮೇಲೆ ಅದನ್ನು ಹೊರಿಸಿದರೆ ಗೆಲ್ಲುವವನು ಕಳ್ಳನೇ.