ಬಿಂದುವಿನ ಕ್ಲಚ್ ಪ್ಲೇಟುಗಳು

“ಗುರುಗಳೇ, ನಮ್ಮವರೇ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದರೆ ನಾವು ಏನು ಮಾಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮೆಕ್ಯಾನಿಕ್ ಇದ್ದ. ಅವನಿಗೆ ಒಬ್ಬಳೇ ಮಗಳು. ಹೆಸರು ಬಿಂದು, ವಯಸ್ಸು ಒಂಬತ್ತು. ಯಾರೋ ಬೇಡವೆಂದು ಬಿಟ್ಟುಹೋದ ಮಕ್ಕಳ ರೇಸ್ ಗಾಡಿಯೊಂದು ಅವನ ಗ್ಯಾರೇಜಿನಲ್ಲಿ ಬಿದ್ದಿತ್ತು. ಬೈಕಿನಂತೆ ಹ್ಯಾಂಡಲ್, ಆದರೆ ನಾಲ್ಕು ಚಕ್ರ. ಎಂಟು ತಿಂಗಳು ಬಿಡುವಿದ್ದಾಗಲೆಲ್ಲ ಕೂತು ಅವನು ಅದನ್ನು ಮಗಳಿಗಾಗಿ ಸರಿಪಡಿಸಿದ. ಬ್ರೇಕು ಹಿಡಿಯುವುದು, ಗೇರು ಬದಲಿಸುವುದು, ಕ್ಲಚ್ ಬಿಡುವುದು, ಎಲ್ಲವನ್ನೂ ತಾನೇ ಕಲಿಸಿದ. ಮಗಳು ಬೇಗ ಕಲಿತಳು. ಊರಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಮಕ್ಕಳ ರೇಸು ನಡೆದಾಗಲೆಲ್ಲ ಅವಳು ಓಡಿಸುತ್ತಿದ್ದಳು. ಅಪ್ಪ ಬೇಲಿಯ ಹತ್ತಿರ ನಿಂತು ಎಂಜಿನ್ನಿನ ಸದ್ದು ಕೇಳಿ ಹಿಗ್ಗುತ್ತಿದ್ದ.

ಪ್ರತಿ ಮೂರು ರೇಸಿಗೊಮ್ಮೆ ಅವನು ಕ್ಲಚ್ ಬಿಚ್ಚಿ ನೋಡುತ್ತಿದ್ದ. ಕ್ಲಚ್ ಪೂರ್ತಿ ಸವೆದುಹೋದರೆ ಎಂಜಿನ್ ಎಷ್ಟು ಕೂಗಿದರೂ ಗಾಡಿ ಮುಂದೆ ಸಾಗುವುದಿಲ್ಲ. ಆ ಟ್ರ್ಯಾಕಿನಲ್ಲಿ ಆಳೆತ್ತರದ ಒಂದು ದಿಬ್ಬವಿತ್ತು. ಮಕ್ಕಳು ಅದರ ಮೇಲಿಂದ ಗಾಡಿ ಹಾರಿಸುತ್ತಿದ್ದರು. ಮಗಳ ಗಾಡಿ ಅಲ್ಲಿ ನಿಂತುಬಿಟ್ಟರೆ ಹಿಂದಿನಿಂದ ಹಾರಿ ಬರುವವರಿಗೆ ಅವಳು ಕಾಣುವುದೇ ಇಲ್ಲ. ಅವನ ಭಯ ಅದು.

ಮೊದಲ ಸಲ ಬಿಚ್ಚಿದಾಗ ಪ್ಲೇಟುಗಳು ಸವೆದಿದ್ದವು. ಒಂದು ವರ್ಷ ಬಾಳಬೇಕಾದವು ಮೂರೇ ರೇಸಿಗೆ ಮುಗಿದಿದ್ದವು. ಅವನು ಪ್ಲೇಟು ಕೊಟ್ಟ ಅಂಗಡಿಯವನನ್ನು ಬೈದು ಹೊಸ ಪ್ಲೇಟು ಹಾಕಿದ. ಎರಡನೆಯ ಸಲವೂ ಹಾಗೆಯೇ ಆಯಿತು. ಆಯಿಲ್ ಬದಲಿಸಿದ, ಸ್ಪ್ರಿಂಗ್ ಬದಲಿಸಿದ. ಮೂರನೆಯ ಸಲ ಬಿಚ್ಚಿದಾಗ ನಡುವಿನ ಉಕ್ಕಿನ ಪ್ಲೇಟುಗಳು ಕಾದು ನೀಲಿಯಾಗಿದ್ದವು. ಕ್ಲಚ್ಚನ್ನು ಪೂರ್ತಿ ಬಿಡದೆ ಅರ್ಧ ಹಿಡಿದುಕೊಂಡೇ ಓಡಿಸಿದರೆ ಮಾತ್ರ ಹಾಗಾಗುತ್ತದೆ. ತಪ್ಪು ಅಂಗಡಿಯವನದಲ್ಲ, ಮಗಳದು ಎಂದು ಅವನಿಗೆ ಆಗ ತಿಳಿಯಿತು.

ಅವನಿಗೆ ಸಿಟ್ಟು ಬಂತು. ಮಗಳನ್ನು ಕರೆದು ಪ್ಲೇಟುಗಳನ್ನು ಅವಳ ಮುಂದೆ ಇಟ್ಟ. ಎಷ್ಟು ಸಲ ಹೇಳಿಕೊಟ್ಟರೂ ಮರೆಯುತ್ತೀಯ, ನಿನಗೆ ಗಮನವಿಲ್ಲ ಎಂದು ಗದರಿದ. ಮಗಳು ಬಟ್ಟೆ ತೆಗೆದುಕೊಂಡು ನೆಲದಲ್ಲಿ ಕೂತು ಒಂದೊಂದೇ ಪ್ಲೇಟನ್ನು ಒರೆಸಿ, ಹಳೆಯ ಪೇಪರಿನ ಮೇಲೆ ಸಾಲಾಗಿ ಇಡತೊಡಗಿದಳು. ಅಪ್ಪ ವರ್ನಿಯರ್ ಹಿಡಿದು ಅವುಗಳ ದಪ್ಪ ಅಳೆಯುತ್ತ ಹೋದ. ಅಳೆಯುತ್ತಿರುವಾಗ ಆ ಸಾಲಿನ ಕಡೆ ಅವನ ಗಮನ ಹೋಯಿತು. ಸವೆಯುವ ಪ್ಲೇಟು ಒಂದು, ಉಕ್ಕಿನ ಪ್ಲೇಟು ಒಂದು, ಯಾವ ಮುಖ ಮೇಲೆ, ಯಾವುದು ಕೊನೆಗೆ, ಎಲ್ಲ ಸರಿಯಾಗಿತ್ತು. ಅದನ್ನು ಅವನು ಅವಳಿಗೆ ಒಂದೇ ಒಂದು ಸಲ ಹೇಳಿಕೊಟ್ಟಿದ್ದ.

ಇಷ್ಟನ್ನು ನೆನಪಿಟ್ಟುಕೊಂಡ ಮಗು ಕ್ಲಚ್ ಬಿಡುವುದನ್ನು ಮರೆಯಲು ಸಾಧ್ಯವಿಲ್ಲ ಎಂದು ಅವನಿಗೆ ಅನ್ನಿಸಿತು. ಅವನು ವರ್ನಿಯರ್ ಕೆಳಗಿಟ್ಟ. ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತು, ಎಲ್ಲಿ ಕ್ಲಚ್ ಹಿಡಿಯುತ್ತೀಯ ಎಂದು ಮೆಲ್ಲಗೆ ಕೇಳಿದ.

“ದಿಬ್ಬದ ಹತ್ತಿರ. ಹಿಡಿಯದಿದ್ದರೆ ಅಲ್ಲಿ ಗಾಡಿ ಹಾರುತ್ತದೆ. ನನಗೆ ಹೆದರಿಕೆಯಾಗುತ್ತದೆ ಅಪ್ಪ.”

“ಮತ್ತೆ ಅಲ್ಲಿ ಎಂಜಿನ್ ಅಷ್ಟು ಜೋರಾಗಿ ಕೂಗುತ್ತಿತ್ತಲ್ಲ ಮಗಳೇ?”

“ಅದು ನಿನಗೆ ಕೇಳಿಸಿ ಖುಷಿಯಾಗಲಿ ಅಂತ.”

ಅಪ್ಪ ಅವಳ ಕೈಗೆ ಅಂಟಿದ್ದ ಆಯಿಲನ್ನು ಬಹಳ ಹೊತ್ತು ಒರೆಸಿದ. ಗದರಿದ್ದು ತಪ್ಪಾಯಿತು ಎಂದ. ಮುಂದಿನ ರೇಸು ಬೇಡವಾದರೆ ಬಿಡೋಣ ಎಂದೂ ಹೇಳಿದ. ಬಿಂದು ಯೋಚಿಸಿ, ಓಡಿಸುವುದು ತನಗೆ ಇಷ್ಟ, ಹಾರುವುದು ಇಷ್ಟವಿಲ್ಲ ಎಂದಳು. ಹಾಗಾದರೆ ಹಾರಬೇಡ, ಎಂಜಿನ್ನನ್ನು ಕೂಗಿಸಲೂ ಬೇಡ, ಕ್ಲಚ್ ಬಿಟ್ಟು ಮೆಲ್ಲಗೆ ದಿಬ್ಬ ಹತ್ತಿ ಇಳಿ ಎಂದು ಅವನು ಹೇಳಿದ. ಮರುದಿನ ಬೆಳಿಗ್ಗೆ ಇಬ್ಬರೂ ಟ್ರ್ಯಾಕಿಗೆ ಹೋಗಿ ಆ ದಿಬ್ಬವನ್ನು ಕೈ ಕೈ ಹಿಡಿದು ನಾಲ್ಕು ಸಲ ಹತ್ತಿ ಇಳಿದರು. ಅಂಚಿನಲ್ಲಿ, ಹಾರಿ ಬರುವವರ ದಾರಿಗೆ ಸಿಗದಂತೆ, ಇಳಿಜಾರು ಕಡಿಮೆ ಇರುವ ಒಂದು ಜಾಗವನ್ನು ಹುಡುಕಿದರು. ಅದನ್ನು ಮೊದಲು ಕಂಡವಳು ಬಿಂದುವೇ.

ಅಪ್ಪ ಮತ್ತೆ ಹೊಸ ಪ್ಲೇಟು ಹಾಕಿಕೊಟ್ಟ. ರೇಸಿನ ದಿನ ಅವಳು ಆ ಅಂಚಿನಲ್ಲಿ ಮೆಲ್ಲಗೆ ಹತ್ತಿದಳು. ಉಳಿದ ಮಕ್ಕಳೆಲ್ಲ ಹಾರಿಕೊಂಡು ಅವಳನ್ನು ದಾಟಿ ಹೋದರು. ಸುತ್ತು ಮುಗಿಸಿದವರಲ್ಲಿ ಅವಳೇ ಕೊನೆಯವಳು. ಬೇಲಿಯ ಹತ್ತಿರ ನಿಂತಿದ್ದವರೊಬ್ಬರು, ನಿಮ್ಮ ಮಗಳ ಗಾಡಿಗೆ ಇವತ್ತು ಏನಾಗಿದೆ ಎಂದು ಕೇಳಿದರು. ಇವತ್ತು ಸರಿಯಾಗಿದೆ ಎಂದು ಅಪ್ಪ ಹೇಳಿದ.

ಇನ್ನೆರಡು ರೇಸು ಕಳೆದ ಮೇಲೆ ಅವನು ಮತ್ತೆ ಕ್ಲಚ್ ಬಿಚ್ಚಿದ. ಈ ಸಲ ವರ್ನಿಯರ್ ಹಿಡಿದು ಅಳೆದವಳು ಬಿಂದು. ಪ್ಲೇಟುಗಳು ಹೆಚ್ಚು ಕಡಿಮೆ ಹೊಸವುಗಳಂತೆಯೇ ಇದ್ದವು. ಅಪ್ಪ ನಂಬದವನಂತೆ ನಟಿಸಿ, ಇನ್ನೊಮ್ಮೆ ಅಳೆ ಎಂದ. ಅವಳು ನಗುತ್ತ ಇನ್ನೊಮ್ಮೆ ಅಳೆದಳು. ಆಮೇಲೆ ಇಬ್ಬರೂ ಗ್ಯಾರೇಜಿನ ಬಾಗಿಲು ಹಾಕಿ ದೋಸೆ ತಿನ್ನಲು ಹೋದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ, “ಮುಂದೆ ಎಂದಾದರೂ ಆ ಹುಡುಗಿ ದಿಬ್ಬ ಹಾರಿ ಗೆದ್ದಳೇ ಗುರುಗಳೇ?” ಎಂದು ಕೇಳಿದ.

“ಅವಳ ಅಪ್ಪ ನನಗೆ ಇದನ್ನು ಎಷ್ಟೋ ಸಲ ಹೇಳಿದ್ದಾನೆ, ಅದೊಂದನ್ನು ಹೇಳಲು ಪ್ರತಿ ಸಲವೂ ಮರೆತಿದ್ದಾನೆ” ಎಂದರು ಗುರುಗಳು.