ಬೆನ್ನುಗಲ್ಲ ದಿಬ್ಬ

ತುಂಬೆಗೆರೆಯ ಮೂಡಣಕ್ಕೆ, ಪಾಳುಬಿದ್ದ ಕೋಟೆಗೂ ಜೋಳದ ಹೊಲಕ್ಕೂ ನಡುವೆ ಒಂದು ದಿಬ್ಬವಿದೆ. ಅದರ ಮೇಲೆ ಏಳು ವೀರಗಲ್ಲುಗಳು ಸಾಲಾಗಿ ನಿಂತಿವೆ. ಕೋಟೆಯ ಕಡೆಯಿಂದ ಬಂದವರಿಗೆ ಕಾಣುವುದು ಅವುಗಳ ಒರಟು ಬೆನ್ನು ಮಾತ್ರ. ಊರವರು ಇದನ್ನು ಬೆನ್ನುಗಲ್ಲ ದಿಬ್ಬ ಎನ್ನುತ್ತಾರೆ. ಹಿಂದೆ ಒಮ್ಮೆ ಈ ಕಲ್ಲುಗಳೆಲ್ಲ ಕೋಟೆಯ ಬಾಗಿಲಿಗೇ ಮುಖಮಾಡಿದ್ದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಆಗ ಈ ಸೀಮೆಯನ್ನು ಆಳುತ್ತಿದ್ದ ನಾಯಕನಿಗೆ ಸಂಬಳದ ಸೈನ್ಯವೆಂಬುದು ಇರಲಿಲ್ಲ. ಒಕ್ಕಲುಗಳಿಗೆ ಹೊಲ ಕೊಡುತ್ತಿದ್ದ. ಭೇರಿ ಕೇಳಿದಾಗ ಮನೆಗೊಬ್ಬ ಆಯುಧ ಹಿಡಿದು ಬರಬೇಕಿತ್ತು. ಹಾಗೆ ಹೋದವರಲ್ಲಿ ಬೊಪ್ಪನೆಂಬವನು, ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತ. ನಾಯಕ ದಿಬ್ಬದ ಮೇಲೆ ಅವನ ವೀರಗಲ್ಲು ನಿಲ್ಲಿಸಿ, ಅವನ ಹೆಂಡತಿ ಮಾಳವ್ವೆಗೆ ದಿಬ್ಬದ ಕೆಳಗಿನ ಹೊಲವನ್ನು, ಚೆಲ್ಲಿದ ನೆತ್ತರಿಗೆ ಸಲ್ಲುವ ನೆತ್ತರುಗೊಡಗೆಯೆಂದು, ಸೂರ್ಯಚಂದ್ರರಿರುವ ತನಕ ಬಿಟ್ಟುಕೊಟ್ಟ. ಹತ್ತು ವರ್ಷದ ಮೇಲೆ ಆತ ತೀರಿಕೊಂಡು ಮಗ ಕೇತನಾಯಕ ಪಟ್ಟಕ್ಕೆ ಬಂದ. ಆ ಹೊಲವನ್ನು ತನ್ನ ಭಾವಮೈದುನನಿಗೆ ಕೊಡುವ ಮನಸ್ಸಾಗಿ, ಮಾಳವ್ವೆಯನ್ನು ಕರೆಸಿದ.

"ನಿನ್ನ ಮನೆಯಲ್ಲಿ ಕತ್ತಿ ಹಿಡಿಯುವ ಗಂಡಿಲ್ಲ. ನಿಷ್ಠೆ ಸಲ್ಲಿಸದವರ ಕೈಯಲ್ಲಿ ಭೂಮಿ ಇರಕೂಡದು. ಬಿಟ್ಟುಬಿಡು" ಎಂದ.

"ನಮ್ಮ ನಿಷ್ಠೆ ದಿಬ್ಬದ ಮೇಲೆ ನಿಂತಿದೆ, ಒಡೆಯಾ. ನೀವು ಮಾತಿಗೆ ತಪ್ಪಿದರೆ ಅದು ಇನ್ನು ನಿಮ್ಮ ಬಾಗಿಲು ನೋಡುವುದಿಲ್ಲ" ಎಂದು ಹೇಳಿ ಮಾಳವ್ವೆ ಹೊರಟಳು.

ನೇರ ದಿಬ್ಬ ಹತ್ತಿ, ಗಂಡನ ಕಲ್ಲಿನ ಬುಡ ಅಗೆದು, ಹಗ್ಗ ಬಿಗಿದು, ನೇಗಿಲ ಎತ್ತುಗಳಿಂದ ಎಳೆಸಿ ಅದನ್ನು ಹೊಲದ ಕಡೆಗೆ ತಿರುಗಿಸಿ ನಿಲ್ಲಿಸಿದಳು. ಕೆರಳಿದ ನಾಯಕ ಕಲ್ಲನ್ನು ಮೊದಲಿನಂತೆ ಮಾಡಿ ಬರಲು ಆರು ಮಂದಿ ಬಂಟರನ್ನು ಕಳಿಸಿದ. ಉಳಿದ ಆರು ಕಲ್ಲುಗಳು ಅವರ ಅಪ್ಪಂದಿರವೇ ಎಂಬುದು ಅವನಿಗೆ ಹೊಳೆಯಲಿಲ್ಲ. ಮಾಳವ್ವೆ ಕಲ್ಲಿಗೊರಗಿ ನಿಂತು, "ತಿರುಗಿಸಿರಪ್ಪಾ. ನಾಳೆ ನೀವು ಸತ್ತ ಮೇಲೆ ನಿಮ್ಮ ಹೆಂಡಿರೂ ಹೀಗೇ ಬಂದು ನಿಲ್ಲಬೇಕಾದೀತು" ಎಂದಳು. ಅವರಲ್ಲಿ ಹಿರಿಯನಾದ ಮಸಣ ಹಾರೆಯೆತ್ತಿ ತನ್ನ ತಂದೆಯ ಕಲ್ಲಿನ ಬುಡಕ್ಕೆ ಹಾಕಿದ. ಸಂಜೆಯೊಳಗೆ ಏಳೂ ಕಲ್ಲುಗಳು ಕೋಟೆಗೆ ಬೆನ್ನು ಹಾಕಿದ್ದವು.

ಕೇತನಾಯಕ ಮೂರು ದಿನ ಭೇರಿ ಹೊಡೆಸಿದ; ಒಂದು ಮನೆಯಿಂದಲೂ ಒಬ್ಬನೂ ಬರಲಿಲ್ಲ. ನಾಲ್ಕನೆಯ ದಿನ ತಾನೇ ನಡೆದು ಬಂದು, ಹೊಲದ ಎಲ್ಲೆಯಲ್ಲಿ ನಿಂತು, ತಂದೆ ಕೊಟ್ಟ ಮಾತನ್ನು ಎಲ್ಲರೆದುರು ತಾನೂ ಕೊಟ್ಟನೆನ್ನುತ್ತಾರೆ. ಇನ್ನಾದರೂ ಕಲ್ಲುಗಳನ್ನು ತಿರುಗಿಸಿರೆಂದು ಕೇಳಿಕೊಂಡಾಗ ಮಾಳವ್ವೆ, "ಅವು ಹಾಗೇ ಇರಲಿ" ಎಂದಳಂತೆ.

ಹಾಗೇ ಇವೆ. ಆ ವೀರರ ಮುಖ ನೋಡಬೇಕೆನ್ನುವವರು, ಕೈಮುಗಿಯಬೇಕೆನ್ನುವವರು, ಎಷ್ಟೇ ದೊಡ್ಡವರಿರಲಿ, ಇಂದಿಗೂ ಚಪ್ಪಲಿ ಕಳಚಿ ಮಾಳವ್ವೆಯ ಹೊಲಕ್ಕೆ ಇಳಿಯಲೇಬೇಕು.