ರೇಷ್ಮೆ ಚಿಟ್ಟೆ ನಡೆದೇ ಬಂದದ್ದು

ಈ ಕಥೆ ನನಗೆ ಮೊದಲು ಹೇಳಿದವಳು ನಮ್ಮ ದೊಡ್ಡಮ್ಮ ಪುಟ್ಟತಾಯಮ್ಮ. ಚಿಕ್ಕವಳಿದ್ದಾಗ ಒಮ್ಮೆ ಮಲ್ಲಿಗೆ ಮುಡಿದು ರೇಷ್ಮೆಹುಳು ಸಾಕುವ ಮನೆಯೊಳಕ್ಕೆ ಹೊರಟಿದ್ದೆ. ಬಾಗಿಲಲ್ಲೇ ನಿಲ್ಲಿಸಿ, ಮೆಲ್ಲಗೆ ಹೂ ಬಿಡಿಸಿ ಹೊರಗಿಟ್ಟಳು. ನನ್ನ ಅಳು ನಿಲ್ಲಲಿ ಅಂತ ಇದನ್ನು ಹೇಳಿದಳು.

ಲೋಕ ಇನ್ನೂ ಹೊಸದಾಗಿದ್ದಾಗ, ಮಣ್ಣಿನ ಹಸಿ ಆರದಿದ್ದಾಗ, ರೇಷ್ಮೆ ಚಿಟ್ಟೆಗೂ ಬಾಯಿತ್ತು. ಹೆಣ್ಣು ಚಿಟ್ಟೆಗಂತೂ ಸ್ವಲ್ಪ ಜಾಸ್ತಿಯೇ ಇತ್ತು. ಅವಳ ಗಂಡ ಆಗ ಹಾರುತ್ತಿದ್ದ. ಚೆನ್ನಾಗೇನಲ್ಲ, ಆದರೂ ಹಾರುತ್ತಿದ್ದ. ದಿನಾ ಹೊಳೆಯಾಚೆ ಹೋಗಿ ಅವಳಿಗೆಂದು ಹೂವಿನ ಜೇನು ತರುತ್ತಿದ್ದ.

ಒಂದು ಸಂಜೆ ತೂರಾಡುತ್ತ ಬಂದವನು, ಹರಟೆಗೆ ಕೂತಿದ್ದ ದುಂಬಿಗಳ ನಡುವೆ ಧೊಪ್ಪನೆ ಬಿದ್ದ. ಜೇನೆಲ್ಲ ಚೆಲ್ಲಿತು.

"ಹೀಗೆ ಹಾರೋದಕ್ಕಿಂತ ನಡ್ಕೊಂಡೇ ಬರಬಾರದೇನ್ರೀ?" ಅಂದಳು ಹೆಂಡತಿ. ದುಂಬಿಗಳು ನಕ್ಕವು. ಅವು ನಕ್ಕವಲ್ಲ ಅಂತ ಅವಳೂ ನಕ್ಕಳು.

ಅವನು ರೆಕ್ಕೆಗಂಟಿದ ಜೇನು ಒರೆಸಿಕೊಂಡ. ಎದ್ದು ಹೋದ. ಮರುದಿನವೂ ಬರಲಿಲ್ಲ.

ಅವಳು ಕೂಗಿದಳು, ಕೂಗಿದಳು. ಹೊಳೆ ಹೇಳಿತು, "ನೀನು ಕೂಗಿದಷ್ಟೂ ಅವನು ದೂರ ಹೋಗ್ತಿದಾನೆ ಕಣವ್ವ. ಆ ದನೀಲೇ ಅಲ್ವಾ ನೀನು ಅಂದಿದ್ದು?"

ಅವಳು ಗಾಳಿಯ ಹತ್ತಿರ ಹೋದಳು. "ಗಾಳಿಯಣ್ಣ, ನಾನಂದ ಮಾತು ವಾಪಸ್ ತಂದುಕೊಡು."

"ಹೊತ್ತುಕೊಂಡು ಹೋದದ್ದನ್ನ ವಾಪಸ್ ತಂದು ನನಗೆ ಗೊತ್ತಿಲ್ಲವ್ವ. ಬೇಕಾದರೆ ಮಾತಿಲ್ಲದ ಕರೆ ಕೊಡ್ತೀನಿ. ಬರೀ ಕಂಪು. ಅದಕ್ಕೆ 'ಬಾ' ಅನ್ನೋದೊಂದೇ ಗೊತ್ತು, ಚುಚ್ಚೋಕೆ ಬರಲ್ಲ. ಬಲು ಸಣ್ಣದು, ಬೇರೆ ಘಮ ಅಡ್ಡ ಬಂದರೆ ಕಳೆದುಹೋಗುತ್ತೆ. ಬದಲಿಗೆ ನಿನ್ನ ಬಾಯಿ ಕೊಡಬೇಕು."

"ಮತ್ತೆ ಊಟ?"

"ಅದೂ ಹೋಗುತ್ತೆ."

ಕೊಟ್ಟಳು. ಅವನು ಬಿಟ್ಟುಹೋದ ಜಾಗದಲ್ಲೇ ಕೂತು, ಮೈಯ ತುದಿಯಿಂದ ಕಂಪು ಬಿಟ್ಟಳು. ಬಾ. ಬಾ. ಬಾ.

ಗುಡ್ಡದಾಚೆ ಅವನ ಮೀಸೆಗೆ ಅದು ತಾಕಿತು. ಅವನು ಬಂದ. ರೆಕ್ಕೆ ಪಟಪಟ ಬಡಿಯುತ್ತ, ನೆಲದ ಮೇಲೆ, ನಡೆದುಕೊಂಡೇ ಬಂದ. ಅವಳು ಹೇಳಿದ್ದಳಲ್ಲ.

"ಹಾರಿ ಬನ್ರೀ" ಅನ್ನಬೇಕೆಂದು ಅವಳಿಗೆ ಎಷ್ಟೋ ಅನಿಸಿತು. ಬಾಯಿರಲಿಲ್ಲ. ಕಂಪಿಗೆ ಗೊತ್ತಿದ್ದದ್ದು ಒಂದೇ ಮಾತು.

ಅದಕ್ಕೇ ನೋಡು, ಇವತ್ತಿಗೂ ಗೂಡೊಡೆದು ಬಂದ ಹೆಣ್ಣು ಚಿಟ್ಟೆ ಉಣ್ಣದೆ, ಹಾರದೆ ಕೂತಲ್ಲೇ ಕಾಯುತ್ತದೆ. ಗಂಡು ರೆಕ್ಕೆ ಬಡಿಯುತ್ತ ನಡೆದೇ ಬರುತ್ತದೆ. ಆ ಸಣ್ಣ ಕಂಪಿಗೆ ಮಲ್ಲಿಗೆಯ ಘಮ ಅಡ್ಡ ಬರಬಾರದು.

ಮುಂದೆ ಯಾವುದಾದರೂ ಮಗು ಮಲ್ಲಿಗೆ ಮುಡಿದು ಹುಳುಮನೆಗೆ ಹೊರಟರೆ, ಹೂ ಹೊರಗಿಡಿಸಿ ಈ ಕಥೆ ಹೇಳು. ಗದರಬೇಡ, ಅಂದಳು ದೊಡ್ಡಮ್ಮ.